ರಿಸೆಪ್ಶನ್‌ನಲ್ಲಿದ್ದ ಕೀ ಎಂಪ್ಲಾಯೀ

ಜನವರಿ ಬಂತೆಂದರೆ ನಮ್ಮ ಫ್ಲೋರ್‌ನಲ್ಲಿ ಯಾರೂ ರಜೆ ಕೇಳುವ ಹಾಗಿಲ್ಲ. ಕೂತಿರುವುದು ಬೆಂಗಳೂರಲ್ಲಿ, ಟೆಸ್ಟ್ ಮಾಡುವುದು ಅಮೆರಿಕದ ಸಣ್ಣ ಕಂಪನಿಗಳ 401ಕೆ ಪ್ಲಾನ್, ಅಂದರೆ ನೌಕರರ ನಿವೃತ್ತಿ ಉಳಿತಾಯ. ಎಡಿಪಿ ಅಂದರೆ ದೊಡ್ಡ ಸಂಬಳದವರು ಉಳಿದವರಿಗಿಂತ ತೀರಾ ಜಾಸ್ತಿ ಪ್ರಮಾಣದಲ್ಲಿ ಉಳಿಸಿದ್ದಾರಾ ಅಂತ ನೋಡುವ ಟೆಸ್ಟ್. ಅದು ಫೇಲಾದರೆ ಸಾಮಾನ್ಯವಾಗಿ ಮಾರ್ಚ್ 15ರೊಳಗೆ ಅವರಿಗೆ ರೀಫಂಡ್ ಹೋಗಬೇಕು, ತಪ್ಪಿದರೆ ಕಂಪನಿ ಶೇ. 10 ತೆರಿಗೆ ಕಟ್ಟಬೇಕು. ಹಾಗಾಗಿ ಎಲ್ಲರ ಗಮನ ಅದರ ಮೇಲೆ. ಪ್ಲಾನಿನ ಹಣ ಮೇಲಿನವರ ಹತ್ತಿರವೇ ಗುಡ್ಡೆಯಾಗಿದೆಯಾ ಅಂತ ನೋಡುವ ಟಾಪ್ ಹೆವಿ ಟೆಸ್ಟನ್ನು ಕೊನೆಗೆ ಒಂದು ಬಟನ್ ಒತ್ತಿ ಮುಗಿಸುವುದೇ ವಾಡಿಕೆ.

2024ರ ಆರಂಭದಲ್ಲಿ ಒಂದು ಸಗಟು ವ್ಯಾಪಾರದ ಕಂಪನಿಯ ಫೈಲ್ ಬಂತು. 40 ಜನ. ಡಿಟರ್ಮಿನೇಶನ್ ಡೇಟ್, ಅಂದರೆ ಬ್ಯಾಲೆನ್ಸ್ ಲೆಕ್ಕ ಹಿಡಿಯುವ ದಿನ, 2023ರ ಡಿಸೆಂಬರ್ 31. ಟೂಲ್ ಶೇ. 66 ತೋರಿಸಿತು. ಕೀ ಎಂಪ್ಲಾಯೀಗಳ, ಅಂದರೆ ಮಾಲೀಕರು ಮತ್ತು ದೊಡ್ಡ ಸಂಬಳದ ಆಫೀಸರ್‌ಗಳ ಬ್ಯಾಲೆನ್ಸ್ ಒಟ್ಟು ಬ್ಯಾಲೆನ್ಸಿನ ಶೇ. 60 ದಾಟಿದರೆ ಟಾಪ್ ಹೆವಿ. ಬಿಚ್ಚಿ ನೋಡಿದರೆ ಮೂವರು ವೈಸ್ ಪ್ರೆಸಿಡೆಂಟ್‌ಗಳನ್ನು ಅದು ಆಫೀಸರ್ ಅಂತ ಎಣಿಸಿತ್ತು. ಮೂವರ ಸಂಬಳವೂ ಆ ವರ್ಷದ ಮಿತಿಯಾದ 2,15,000 ಡಾಲರ್ ಮೀರಿತ್ತು, ನಿಜ. ಆದರೆ ಆಫೀಸರ್ ಯಾರು ಅನ್ನುವುದನ್ನು ವಿಸಿಟಿಂಗ್ ಕಾರ್ಡ್ ನೋಡಿ ಹೇಳಲಾಗದು. ಕಂಪನಿ ನಡೆಸುವ ಅಧಿಕಾರ ಕೈಯಲ್ಲಿರಬೇಕು. ಇವರು ಮಾಡುತ್ತಿದ್ದುದು ಬರೀ ಸೇಲ್ಸ್. ಮೇಲ್ ಮೇಲೆ ಮೇಲ್ ಹಾಕಿ ಅದನ್ನು ಬರಹದಲ್ಲಿ ತರಿಸಿಕೊಂಡೆ. ಮೂವರನ್ನೂ ತೆಗೆದೆ. ಶೇ. 58. ಮ್ಯಾನೇಜರ್ ಇಡೀ ಟೀಮಿಗೆ ಶಭಾಷ್ ಮೇಲ್ ಕಳಿಸಿದರು.

ಇದೇ ಫೈಲಿನಲ್ಲಿ ನಮ್ಮ ಹೊಸ ಹುಡುಗಿ ಒಂದು ಕ್ವೆರಿ ಎತ್ತಿದ್ದಳು. "ಸರ್, ರಿಸೆಪ್ಶನ್‌ನವರ ಸಂಬಳ ಕಮ್ಮಿ, ಬ್ಯಾಲೆನ್ಸ್ ಜಾಸ್ತಿ ಇದೆ. ಓನರ್‌ಗೆ ಏನಾದರೂ ಸಂಬಂಧನಾ ಅಂತ ಕೇಳಲಾ?" ಸರ್‌ನೇಮ್ ಬೇರೆ ಇತ್ತು. "ನಲವತ್ತು ಸಾವಿರದ ಸಂಬಳದವರು ಎಲ್ಲಿಂದ ಕೀ ಆಗ್ತಾರೆ? ಕ್ಲೋಸ್ ಮಾಡಮ್ಮ" ಅಂದೆ. ಕ್ವೆರಿ ಜಾಸ್ತಿ ಆದಷ್ಟೂ ನಮ್ಮ ಸ್ಕೋರ್ ಇಳಿಯುತ್ತದೆ. ಕ್ಲೈಂಟಿಗೆ ಕಿರಿಕಿರಿ ಆಗುತ್ತಂತೆ. ಈ ನಿಯಮ ಮಾಡಿದವರು ನೌಕರರ ವಿವರ ಇರುವ ಒಂದು ಸೆನ್ಸಸ್ ಫೈಲನ್ನಾದರೂ ತೆರೆದು ನೋಡಿದ್ದಾರಾ, ಗೊತ್ತಿಲ್ಲ.

ರಾತ್ರಿ ಎಂಟಕ್ಕೆ ರಿಸಲ್ಟ್ ಕಾಲ್. ಓನರ್ ಖುಷಿಯಲ್ಲಿದ್ದರು. ಮುಗಿಯುತ್ತಾ ಬಂದಾಗ, "ಪೇಪರ್ಸ್ ನನ್ನ ಮಗಳಿಗೆ ಕಳಿಸಿಬಿಡಿ, ಫ್ರಂಟ್ ಡೆಸ್ಕ್‌ನಲ್ಲಿ ಅವಳೇ ಇರೋದು" ಅಂದರು.

ಅಮೆರಿಕದ ಕಡೆಯ ನಮ್ಮ ಕನ್ಸಲ್ಟೆಂಟ್ ಮಾತು ಅರ್ಧಕ್ಕೇ ನಿಂತಿತು. ಚಾಟ್‌ನಲ್ಲಿ ಅವರು ಏನೋ ಟೈಪ್ ಮಾಡುತ್ತಿರುವುದು ಕಾಣುತ್ತಿತ್ತು. ನಿಲ್ಲಿಸಿದರು. ಮತ್ತೆ ಶುರು ಮಾಡಿದರು. ಕೊನೆಗೆ ಬಂದಿದ್ದು "ಮಗಳಾ?" ಅನ್ನುವ ಒಂದೇ ಪದ. ಪಕ್ಕದಲ್ಲಿ ಕೂತಿದ್ದ ಹುಡುಗಿ ನನ್ನ ಕಡೆ ತಿರುಗಲೇ ಇಲ್ಲ. ಅದೇ ಜಾಸ್ತಿ ಚುಚ್ಚಿತು. ಅಷ್ಟರಲ್ಲಿ ಓನರ್ ಸೇರಿಸಿದರು: "ಗೋಡೌನ್ ನನ್ನ ತಮ್ಮ ನೋಡ್ಕೋತಾನೆ." ಎದೆ ಧಸಕ್ಕೆಂದಿತು. ಮ್ಯೂಟ್ ಮಾಡಿ ಅಮೆರಿಕದ ತೆರಿಗೆ ಕಾನೂನಿನ ಸೆಕ್ಷನ್ 318 ತೆಗೆದೆ. ಗಂಡ ಅಥವಾ ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ತಂದೆ ತಾಯಿ. ಇವರ ಪಾಲು ಮಾತ್ರ ನಮ್ಮ ಪಾಲು ಅಂತ ಲೆಕ್ಕ. ಒಡಹುಟ್ಟಿದವರ ಹೆಸರಿಲ್ಲ. ತಮ್ಮ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಮಗಳ ಕಥೆ ಬೇರೆ. ಅಪ್ಪನ ಪಾಲು ಅವಳದೂ ಆಗುತ್ತದೆ. ಶೇ. 5 ಮೀರಿದ ಪಾಲಿದ್ದರೆ ಕೀ, ಸಂಬಳ ಎಷ್ಟು ಅಂತ ಯಾರೂ ಕೇಳುವುದಿಲ್ಲ.

ರಿ-ರನ್ ಮಾಡಿದರೆ ಶೇ. 61. ಅಂದರೆ 2024ಕ್ಕೆ, ವರ್ಷದ ಕೊನೆಯ ದಿನ ಕೆಲಸದಲ್ಲಿರುವ, ಕೀ ಅಲ್ಲದ ಪ್ರತಿ ಪಾರ್ಟಿಸಿಪೆಂಟ್‌ಗೂ ಸಂಬಳದ ಶೇ. 3 ಕಂಪನಿಯೇ ಹಾಕಬೇಕು. ಓನರ್ ಕೂಗಾಡಲಿಲ್ಲ. "ಸೇಲ್ಸ್‌ನವರ ಬಗ್ಗೆ ಅಷ್ಟೊಂದು ಪ್ರಶ್ನೆ ಕೇಳಿದ್ರಿ. ನನ್ನ ಮಗಳ ಬಗ್ಗೆ ಒಂದು ಕೇಳಬಹುದಿತ್ತಲ್ವಾ?" ಅಂದರು ಅಷ್ಟೇ. ನಮ್ಮೂರ ಕಡೆ ಹೊಸಬರು ಕಂಡರೆ "ಯಾರ ಮನೆಯವರು?" ಅಂತ ತಾನೇ ಮೊದಲು ಕೇಳುವುದು!

ಆ ವರ್ಷಕ್ಕೇ ಪ್ಲಾನನ್ನು ಸೇಫ್ ಹಾರ್ಬರ್, ಅಂದರೆ ಎಡಿಪಿ ಟೆಸ್ಟ್ ಬೇಡದ ಬಗೆ, ಮಾಡಬಹುದು ಅಂತ ಕನ್ಸಲ್ಟೆಂಟ್ ಸಮಾಧಾನ ಹೇಳಿದರು. ಅದರಲ್ಲೂ ಶೇ. 3 ಹಾಕಲೇಬೇಕು. ಸದ್ಯ ಎಡಿಪಿ ತಲೆನೋವಾದರೂ ತಪ್ಪುತ್ತದೆ.

ಹುಡುಗಿ ಕ್ವೆರಿಯನ್ನು ತಾನೇ ರೀ-ಓಪನ್ ಮಾಡಿದಳು. ಕ್ಲೋಸ್ ಮಾಡಿದ ಕಾರಣದ ಜಾಗದಲ್ಲಿ ನನ್ನ ಹೆಸರು ಹಾಗೇ ಉಳಿದಿದೆ, ಆಡಿಟ್ ಟ್ರೇಲ್ ಅಳಿಸಲು ಬರುವುದಿಲ್ಲ. ಟೂಲ್ ಟೀಮಿಗೆ ಬರೆದು "ಓನರ್‌ಗೆ ಸಂಬಂಧ" ಕಾಲಂ ಕಡ್ಡಾಯ ಮಾಡಿಸಿದೆ. ಮುಂದಿನ ರಿಲೀಸ್, ಅದರ ಮುಂದಿನದು ಅಂತ ಎಳೆದು ಕೊನೆಗೂ ಮಾಡಿದರು. ಈಗ ಕ್ಲೈಂಟ್‌ಗಳು ಮೊದಲ ಸಾಲಲ್ಲಿ "ಇಲ್ಲ" ಅಂತ ಹಾಕಿ ಕೆಳಗಿನವರೆಗೂ ಡ್ರ್ಯಾಗ್ ಮಾಡಿ ಕಳಿಸುತ್ತಾರೆ. ಓನರ್‌ನ ಹೆಂಡತಿಗೂ "ಇಲ್ಲ".