ಮಾಸ್ತರು ಕೇಳಿದ ಸಿನಿಮಾ

"ಯಾರು ತೀರಿಕೊಂಡಾರ್ರೀ?"

ಮಾಸ್ತರು ಬಾಗಿಲಲ್ಲೇ ನಿಂತು ಕೇಳಿದರು. ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದರು, ಇನ್ನೊಂದು ಹಾಗೇ ಇತ್ತು. ಕೊಡೆಯಿಂದ ನೀರು ಸೋರುತ್ತಿತ್ತು. ನನಗೆ ಗಾಬರಿಯಾಯಿತು. ಯಾರೂ ಇಲ್ಲ ಮಾಸ್ತರ, ಯಾಕೆ ಅಂದೆ.

"ಒಳಗ ಸಾರಂಗಿ ಕೇಳಸಾಕತ್ತೈತಲ್ಲ?"

ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಸಾರಂಗಿ ಎಲ್ಲಿಂದ ಬರಬೇಕು? ಮಗಳು ಲ್ಯಾಪ್‌ಟಾಪ್‌ಗೆ ದೊಡ್ಡ ಸ್ಪೀಕರ್ ಹಚ್ಚಿಕೊಂಡು ಸಿನಿಮಾ ನೋಡುತ್ತಿದ್ದಳು. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಮೂರು ಭಾಗಗಳಲ್ಲಿ ಮೊದಲನೆಯದು, 2001ರದ್ದು. ಕಾಲೇಜು ದಿನಗಳಿಂದ ಹತ್ತು ಸಲವಾದರೂ ನೋಡಿದ್ದೇನೆ. ಅದರಲ್ಲಿ ಕತ್ತಿ ಇದೆ, ಮಾಂತ್ರಿಕರಿದ್ದಾರೆ, ರಾಕ್ಷಸರಿದ್ದಾರೆ. ಸಾರಂಗಿ ಇಲ್ಲ ಅಂತಲೇ ನಾನು ಹೇಳುವವನಿದ್ದೆ. ಮಗಳು ಸ್ವಲ್ಪ ಹಿಂದಕ್ಕೆ ಓಡಿಸಿ ಮತ್ತೆ ಹಾಕಿದಳು. ಹೆಂಗಸರ ಮೇಳದ ಕೆಳಗೆ ಒಂದು ಎಳೆ, ಗಂಟಲು ಕಟ್ಟಿದವರು ಹಾಡಿದ ಹಾಗೆ. ಅದು ಸಾರಂಗಿಯೇ. ಫೋನಿನಲ್ಲಿ ಹುಡುಕಿದೆ. ಪರದೆಯ ಮೇಲೆ ಆಗ ಬಂದಿದ್ದ ಕಾಡಿನ ಭಾಗಕ್ಕೆ ಸಂಗೀತ ಕಟ್ಟುವಾಗ ಕೆನಡಾದ ಹೊವಾರ್ಡ್ ಶೋರ್ ಸಾರಂಗಿ ಬಳಸಿದ್ದರು.

ಅದಕ್ಕಿಂತ ದೊಡ್ಡ ಮಾತು ಇನ್ನೊಂದು. ನಿಜವಾಗಿಯೂ ಒಬ್ಬರು ತೀರಿಕೊಂಡಿದ್ದರು. ಕತೆಯಲ್ಲಿ ಅದಕ್ಕೆ ಸ್ವಲ್ಪ ಮೊದಲೇ ಮುದುಕ ಮಾಂತ್ರಿಕ ಪಾತಾಳಕ್ಕೆ ಬಿದ್ದಿರುತ್ತಾನೆ. ಉಳಿದವರು ಅಳುತ್ತಾ ಆ ಕಾಡಿಗೆ ಬಂದಿರುತ್ತಾರೆ. ಮಾಸ್ತರಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಅವರು ಹುಟ್ಟಿನಿಂದ ಕಣ್ಣು ಕಾಣದವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಪುಟ್ಟರಾಜ ಗವಾಯಿಗಳ ಕಾಲದಲ್ಲಿ ಕಲಿತವರು. ಆಮೇಲೆ ಹನ್ನೆರಡು ವರ್ಷ ನಾಟಕ ಕಂಪನಿಯಲ್ಲಿ ಪೇಟಿ (ಹಾರ್ಮೋನಿಯಂ) ನುಡಿಸಿದರು. ಈಗ ಹುಬ್ಬಳ್ಳಿಯಲ್ಲಿದ್ದಾರೆ. ಮಗಳಿಗೆ ಸಂಗೀತ ಕಲಿಸಲು ಪ್ರತಿ ಭಾನುವಾರ ಚಿಗರಿ ಬಸ್ಸಿನಲ್ಲಿ ಜುಬಿಲಿ ಸರ್ಕಲ್‌ಗೆ ಬರುತ್ತಾರೆ, ಅಲ್ಲಿಂದ ನಾನು ಸ್ಕೂಟರ್‌ನಲ್ಲಿ ಕರೆತರುತ್ತೇನೆ. ಅವತ್ತು ಮಳೆಗೆ ನಾನು ಹೊರಡುವುದು ತಡವಾಯಿತು. ಅಷ್ಟರಲ್ಲಿ ಅವರೇ ಆಟೋ ಹಿಡಿದು ಬಂದುಬಿಟ್ಟಿದ್ದರು.

"ನಾವು ಆಶ್ರಮದಾಗ ಇದ್ದಾಗ ದೊಡ್ಡ ಮಂದಿ ಯಾರರ ಹೋದ್ರಂದ್ರ ಆಕಾಶವಾಣಿಯವರು ಎಲ್ಲಾ ಕಾರ್ಯಕ್ರಮ ಬಂದ್ ಮಾಡಿ ಸಾರಂಗಿ ಹಚ್ಚತಿದ್ರು" ಅಂದರು. "ಸುದ್ದಿ ಬರೂಕಿಂತ ಮೊದಲ ನಮಗ ತಿಳೀತಿತ್ತು. ಸಾರಂಗಿ ಪಾಪ ಎಲ್ಲಾನೂ ಹಾಡ್ತೈತಿ. ನಮ್ಮ ಕಿವಿಗೆ ರೇಡಿಯೋ ಹಂಗ ರೂಢಿ ಮಾಡಿಬಿಟ್ಟೈತಿ."

ಪಾಠ ಶುರುವಾಯಿತು. ಮಗಳಿಗೆ ಆಗ ಭೂಪ ರಾಗ ನಡೆದಿತ್ತು. ಒಂದು ತಾಸು ಕಳೆದರೂ ಮಳೆ ಬಿಡಲಿಲ್ಲ. ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ವಾ, ಜೋರಾಗಿ ಬಂದು ಮುಗಿಸುವುದಿಲ್ಲ. ಚಹಾ ಕುಡಿದು ಮಾಸ್ತರು ಕೇಳಿದರು, "ಅದನ್ನ ಮೊದಲಿಂದ ಹಚ್ಚತೀಯೇನವ್ವಾ?"

ಮಗಳಿಗೆ ಕುಣಿಯುವಷ್ಟು ಖುಷಿ. ಪಕ್ಕದಲ್ಲಿ ಕೂತು ಚಿತ್ರ ವಿವರಿಸಲು ಶುರು ಮಾಡಿದಳು. ಮಾಸ್ತರು ಅವಳ ತಲೆ ಮೇಲೆ ಕೈ ಇಟ್ಟರು. "ನೀ ಹೇಳಬ್ಯಾಡ. ನಾ ಹೇಳ್ತೇನಿ. ತಪ್ಪಿದ್ರ ಅಷ್ಟ ಹೇಳು."

ಪುಟ್ಟ ಜನರ ಹಸಿರು ಊರು ಬಂತು. ತಗಡಿನ ಕೊಳಲು, ಪಿಟೀಲು. ಮಾಸ್ತರು ತಕ್ಷಣ ಗುನುಗಿದರು: "ಸಾ ರೇ ಗ ಪ, ಗ ರೇ ಸಾ." ಮಗಳು ಬಾಯಿ ಬಿಟ್ಟುಕೊಂಡು ನೋಡಿದಳು. ಅವಳ ಅವತ್ತಿನ ಪಾಠದ ಸ್ವರಗಳೇ! "ಭೂಪದ ಹಂಗ ಶುರು ಮಾಡ್ಯಾರ. ತಡಿ... ನಿಷಾದ ತಗೊಂಡ್ರು. ಮಧ್ಯಮಾನೂ ತಗೊಂಡ್ರು. ಭೂಪ ಅಲ್ಲ. ಆದ್ರ ಊರು ಚಲೋ ಐತಿ. ಹೊಟ್ಟಿ ತುಂಬಿದ ಮಂದಿ ಇರೂ ಊರು." ಅಷ್ಟೇ ಸಾಕಿತ್ತು. ಆ ಊರಿನ ಬಗ್ಗೆ ಅದಕ್ಕಿಂತ ಸರಿಯಾದ ಮಾತು ನಾನು ಎಲ್ಲೂ ಓದಿಲ್ಲ.

ಶತ್ರುವಿನ ನಾಡಿನ ಧಾಟಿ ಬಂದಾಗ ಅವರು ಮುಂದಕ್ಕೆ ಬಾಗಿ ಕೂತರು. "ಇದು ನಮ್ಮ ಸನಾದಿ ಅಲ್ಲ. ಆದ್ರ ಅದರ ಕುಲದ್ದ." ಅದು ರೈಟಾ, ಮೊರಾಕ್ಕೊ ಕಡೆಯ ವಾದ್ಯ. ಸನಾದಿಯ ಹಾಗೆ ಎರಡು ಪದರದ ಪೀಪಿ ಇಟ್ಟು ಊದುತ್ತಾರೆ. ನಮ್ಮಲ್ಲಿ ಸನಾದಿ ಊದುವುದು ಮದುವೆಗೆ, ದೇವರಿಗೆ. ಇಲ್ಲಿ ಅದರ ಅಣ್ಣತಮ್ಮನನ್ನು ಹೆದರಿಸಲು ಊದಿದ್ದಾರೆ. ಮಾಸ್ತರಿಗೆ ಇದು ಸ್ವಲ್ಪ ಬೇಸರ ತಂದಿತು. "ಸನಾದಿ ಕೇಳಿ ಅಂಜೂದಂದ್ರ ಹೆಂಗ?" ಅಂದರು. ನನಗೂ ಆ ಮಾತು ನಾಟಿತು. ದೂರದ ನಾಡಿನ ವಾದ್ಯ ಅಂದ ಕೂಡಲೇ ಅದನ್ನು ಕೆಟ್ಟವರ ಕೈಗೆ ಕೊಡುವ ರೂಢಿ ಹಾಲಿವುಡ್‌ನಲ್ಲಿ ಹಳೆಯದು. ಇದೇ ಸಿನಿಮಾದಲ್ಲಿ ಸಾರಂಗಿ ದೇವತೆಯಂಥವರ ಕಾಡಿಗೆ ಸಿಕ್ಕಿದೆ, ಅದು ಸಮಾಧಾನ.

ಆಮೇಲೆ ಬಂತು ಕಬ್ಬಿಣದ ಸದ್ದು. ಕೆಟ್ಟ ಮಾಂತ್ರಿಕ ಮರ ಕಡಿಸಿ, ನೆಲದ ಕೆಳಗೆ ಕುಲುಮೆ ಹೂಡಿ, ಸೈನ್ಯ ಕಟ್ಟುವ ಜಾಗ. ಅಲ್ಲಿಗಾಗಿ ಶೋರ್ ಕಮ್ಮಾರರ ಅಡಿಗಲ್ಲು, ಲೋಹದ ತಗಡು ಎಲ್ಲವನ್ನೂ ಬಡಿಸಿದ್ದಾರೆ. ಪಿಯಾನೋದ ತಂತಿಗಳ ಮೇಲೆ ಸರಪಳಿಯಿಂದ ಹೊಡೆಸಿದ್ದಾರೆ. ನಾನು ಇಷ್ಟು ವರ್ಷ ಅದನ್ನು ಬರೀ ಅಬ್ಬರ ಅಂದುಕೊಂಡಿದ್ದೆ. ಮಾಸ್ತರ ಬೆರಳು ಮಾತ್ರ ತೊಡೆಯ ಮೇಲೆ ಎಣಿಸಲು ಶುರು ಮಾಡಿತ್ತು.

"ಐದು ಮಾತ್ರಿ ಐತಿ" ಅಂದರು. "ಎದ್ದು ನಡದು ನೋಡ್ರಿ ಇದಕ್ಕ."

ಎದ್ದೆ. ಮಗಳೂ ಎದ್ದಳು. ಹಾಲ್‌ನಲ್ಲಿ ಆ ಬಡಿತಕ್ಕೆ ಹೆಜ್ಜೆ ಹಾಕಿದೆವು. ಮೊದಲ ಪೆಟ್ಟು ಬಲಗಾಲಿಗೆ ಬಿತ್ತು. ಮುಂದಿನ ಸುತ್ತಿನ ಮೊದಲ ಪೆಟ್ಟು ಎಡಗಾಲಿಗೆ. ಮತ್ತೆ ಬಲಗಾಲಿಗೆ. ಕಾಲು ಎರಡು, ಮಾತ್ರೆ ಐದು, ಹೊಂದುವುದೇ ಇಲ್ಲ. ಒಂದು ನಿಮಿಷದಲ್ಲಿ ಮೈ ಪೂರ್ತಿ ಅಂಕುಡೊಂಕಾದ ಹಾಗಾಯಿತು. "ಮನಷ್ಯಾರ ದಂಡು ನಾಕಕ್ಕ ನಡೀತೈತಿ. ಇವರು ಮನಷ್ಯಾರಲ್ಲ. ಇಲ್ಲಾ, ನಡಸಾಂವ ಮನಷ್ಯಾ ಅಲ್ಲ" ಅಂದರು ಮಾಸ್ತರು. ಝಪತಾಲದ ಹತ್ತು ಮಾತ್ರೆ ಕೇಳುತ್ತಾ ಬೆಳೆದವರು ನಾವು. ಅದರ ಅರ್ಧ ಈ ಐದು. ನಮ್ಮ ಬೈಠಕ್ಕಿನಲ್ಲಿ ಅದು ಎಷ್ಟು ಮೃದು. ಇಲ್ಲಿ ಅದೇ ಲೆಕ್ಕವನ್ನು ಸುತ್ತಿಗೆಗೆ ಕೊಟ್ಟಿದ್ದಾರೆ.

ಒಂಬತ್ತು ಜನ ಕೂಡಿ ಪ್ರಯಾಣ ಹೊರಡುವ ಜಾಗಕ್ಕೆ ಬರುವ ಹೊತ್ತಿಗೆ ಕತ್ತಲಾಗುತ್ತಿತ್ತು. ಅಲ್ಲಿ ಇಡೀ ತುತ್ತೂರಿ ಮೇಳ ಒಂದು ಧಾಟಿಯನ್ನು ಎತ್ತಿ ಹಿಡಿಯುತ್ತದೆ. ಮಾಸ್ತರು ಕೈ ಎತ್ತಿದರು, ನಿಲ್ಲಿಸಲು. "ಈ ಧಾಟಿ ಹಿಂದ ತುಣುಕು ತುಣುಕಾಗಿ ಬಂದಿತ್ತಲ್ಲ? ಈಗ ಪೂರ್ತಿ ಆತು. ಮಂದಿ ಎಲ್ಲಾ ಕೂಡಿದ್ರೇನು?"

ಹೌದು ಅಂದಳು ಮಗಳು. ಅವಳ ದನಿ ಸಣ್ಣಗಾಗಿತ್ತು.

ಇದು ಅವರಿಗೆ ಹೇಗೆ ಗೊತ್ತಾಯಿತು ಅಂತ ಕೇಳಿದೆ. ಆಗ ಅವರು ಕಂಪನಿಯ ದಿನಗಳ ಮಾತು ತೆಗೆದರು. ಪೇಟಿ ಮಾಸ್ತರನೇ ನಾಟಕ ನಡೆಸಬೇಕು. ರಾಜ ಬರುವ ಮೊದಲೇ ಪೇಟಿ ರಾಜನನ್ನು ಕರೆಯಬೇಕು. ಖಳನಿಗೆ ಒಂದು ಧಾಟಿ, ಅಳುವ ತಾಯಿಗೆ ಒಂದು. ಕೊನೆಯ ಅಂಕದಲ್ಲಿ ತಾಯಿ ಬರೀ ನೆನಪಾಗಿ ಬಂದರೂ ಅವಳ ಧಾಟಿಯ ಎರಡು ಸ್ವರ ಸಾಕು, ಜನ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕಣ್ಣು ಕಾಣದ ಇವರಿಗೆ ಯಾರು ಬಂದರು ಅಂತ ಹೇಗೆ ತಿಳಿಯಬೇಕು? "ಜೋಡಿನ ಸಪ್ಪಳ. ರಾಜಾನ ಪಾರ್ಟಿನವಂದು ಹಲಗಿ ಮ್ಯಾಲ ಹಿಮ್ಮಡ ಮೊದಲ ಬೀಳ್ತಿತ್ತು. ಒಂದಿನಾ ಅಂವಗ ಜ್ವರಾ ಬಂದಿತ್ತು. ಹೆಜ್ಜಿ ಮ್ಯಾಲ ತಿಳದು ಧಾಟಿ ಇಳಿಸಿ ಹಿಡದೆ."

ಶೋರ್ ಈ ಮೂರು ಸಿನಿಮಾಗಳಿಗೆ ಸುಮಾರು 4 ವರ್ಷ ಕೆಲಸ ಮಾಡಿದರು. ಲಂಡನ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದ ದೊಡ್ಡ ಮೇಳ ನುಡಿಸಿತು. ಊರಿಗೆ, ಜನಕ್ಕೆ, ವಸ್ತುವಿಗೆ ಒಂದೊಂದು ಧಾಟಿ ಕಟ್ಟಿ, ಕತೆ ಬೆಳೆದಂತೆ ಅವನ್ನು ಬೆಳೆಸುತ್ತಾ ಮುರಿಯುತ್ತಾ ಹೋದರು. ಅವರ ಕೈಗೆ ಮೂರು ಆಸ್ಕರ್ ಬಂತು. ಪ್ರಶಸ್ತಿಗಿಂತ ನನಗೆ ಅವತ್ತು ಹೆಚ್ಚು ಅನಿಸಿದ್ದು ಬೇರೆ. ಗದುಗಿನ ನಾಟಕದ ಥಿಯೇಟರಿನಲ್ಲಿ ಪೇಟಿಯ ಹಿಂದೆ ಕೂತವರಿಗೆ ಈ ಕೆಲಸ ಅಪರಿಚಿತವಲ್ಲ. ನಮ್ಮ ಈಗಿನ ದೊಡ್ಡ ಸಿನಿಮಾಗಳೇ ಅದನ್ನು ಕೈಬಿಡುತ್ತಿವೆ. ನಾಯಕ ಬಂದರೂ, ಖಳ ಬಂದರೂ, ಕಾರು ಬಂದರೂ ಒಂದೇ ಬಡಿತ. ಕಣ್ಣು ಮುಚ್ಚಿಕೊಂಡರೆ ಯಾರು ಬಂದರೋ ತಿಳಿಯುವುದಿಲ್ಲ.

ಗುಹೆ ಬಂತು. ಆಳದಿಂದ ನಗಾರಿ. ಗಂಡಸರ ಮೇಳ ಹಾಡುವುದಿಲ್ಲ, ಎದೆಯಿಂದ ಹೂಂಕರಿಸುತ್ತದೆ. ಆ ಮಾತುಗಳು ಯಾವ ದೇಶದವೂ ಅಲ್ಲ. ಕಾದಂಬರಿ ಬರೆದ ಟೋಲ್ಕಿನ್ ತಾವೇ ಭಾಷೆಗಳನ್ನು ಕಟ್ಟಿದ್ದರು, ಹಾಡುಗಳನ್ನು ಆ ಭಾಷೆಗಳಲ್ಲೇ ಹಾಡಿಸಿದ್ದಾರೆ. ಮಾಸ್ತರು ಮಾತಾಡಲಿಲ್ಲ. ಸೇತುವೆ ಮುರಿದು ಮುದುಕ ಬಿದ್ದಾಗ ಗದ್ದಲವೆಲ್ಲ ಹಿಂದೆ ಸರಿದು ಬರೀ ಹಾಡು ಉಳಿಯುತ್ತದೆ. ಆಗ ಅವರು ತಲೆಯ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಇನ್ನೇನು ಕಾಡು ಬರಬೇಕು, ಕರೆಂಟ್ ಹೋಯಿತು.

ಸ್ಪೀಕರ್ ಸತ್ತಿತು. ಲ್ಯಾಪ್‌ಟಾಪ್ ಮಾತ್ರ ಬ್ಯಾಟರಿಯ ಮೇಲೆ ಬದುಕಿತ್ತು. ಮಗಳು ಅದನ್ನು ಎತ್ತಿ ಮಾಸ್ತರ ಮಡಿಲಲ್ಲಿ ಇಟ್ಟಳು. ಅವರು ಕಿವಿಯನ್ನು ಕೀಲಿಮಣೆಗೆ ತಾಗುವಷ್ಟು ಬಗ್ಗಿಸಿದರು. ಆ ಸಣ್ಣ ಸ್ಪೀಕರ್‌ನಲ್ಲಿ ತಳದ ದನಿಗಳೆಲ್ಲ ಮಾಯವಾಗಿ, ಹೆಂಗಸರ ಮೇಳವೂ ತೆಳುವಾಗಿ, ಸಾರಂಗಿ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು. ಕತ್ತಲ ಮನೆ, ಹೊರಗೆ ಮಳೆ, ಅವರ ಗಲ್ಲದ ಮೇಲೆ ಪರದೆಯ ನೀಲಿ ಬೆಳಕು. "ಕೋಮಲ ರಿಷಭ" ಅಂದರು ಮೆಲ್ಲಗೆ. "ಅಲ್ಲಿಂದ ಶುದ್ಧ ಗಾಂಧಾರಕ್ಕ ಜಿಗೀತಾರ. ಭೈರವದ ನೆರಳೈತಿ." ಅರಬ್ಬರು ಇದನ್ನು ಹಿಜಾಜ್ ಅನ್ನುತ್ತಾರೆ ಅಂದೆ. ಹೆಸರು ಅವರಿಗೆ ಬೇಕಿರಲಿಲ್ಲ. ಮೂರು ಸಲ ಹಾಕಿಸಿಕೊಂಡು ಕೇಳಿದರು.

ಕೊನೆಯಲ್ಲಿ ಹೆಸರುಗಳು ಓಡುವಾಗ ಬರುವ ಗಾಯಕಿ ಎನ್ಯಾ ಅವರ ಹಾಡನ್ನು ನಾನೇ ಹಾಕಿದೆ. ಕಾಲೇಜಿನಲ್ಲಿ ಎಷ್ಟೋ ರಾತ್ರಿ ಅದನ್ನು ಕೇಳುತ್ತಾ ಮಲಗಿದ್ದೇನೆ. ಅವರ ಒಂದೇ ಕಂಠವನ್ನು ಪದರ ಪದರವಾಗಿ ಜೋಡಿಸಿದ್ದಾರೆ. ಮಾಸ್ತರಿಗೆ ಹಿಡಿಸಲಿಲ್ಲ. "ಗಾಳ್ಯಾಗ ತೇಲ್ತೈತಿ. ನೆಲಕ್ಕ ಕಾಲು ಇಡವಲ್ದು" ಅಂದರು. ನಾನು ಒಪ್ಪಲಿಲ್ಲ. ಅಷ್ಟು ಕಬ್ಬಿಣ, ಅಷ್ಟು ಸಾವು ಕೇಳಿದ ಮೇಲೆ ಸ್ವಲ್ಪ ಹೊತ್ತು ತೇಲಬೇಕು ಅಂತ ಈಗಲೂ ನನಗೆ ಅನಿಸುತ್ತದೆ.

ಮಳೆ ನಿಂತ ಮೇಲೆ ಜುಬಿಲಿ ಸರ್ಕಲ್‌ಗೆ ಬಿಡಲು ಹೋದೆ. ನಿಲ್ದಾಣದಲ್ಲಿ ನಿಂತು ಎರಡನೇ ಭಾಗದ ವಿಷಯ ಹೇಳಿದೆ. ಅದರಲ್ಲಿ ಕುದುರೆ ಸವಾರರ ಒಂದು ನಾಡಿದೆ. ಅವರಿಗೆ ನಾರ್ವೆ ದೇಶದ ಪಿಟೀಲು ಕೊಟ್ಟಿದ್ದಾರೆ, ಹಾರ್ಡಂಗರ್ ಅಂತ. ಮೇಲೆ ನಾಲ್ಕು ತಂತಿ. ಅವುಗಳ ಕೆಳಗೆ ಕಮಾನು ಮುಟ್ಟದ ನಾಲ್ಕೈದು ತಂತಿ. ಮೇಲಿನದು ನುಡಿದರೆ ಕೆಳಗಿನವು ತಾವಾಗಿಯೇ ನಡುಗುತ್ತವೆ.

ಚಿಗರಿ ಬಂದು ಬಾಗಿಲು ತೆರೆಯಿತು. ಮಾಸ್ತರು ಹತ್ತಲಿಲ್ಲ.

"ತರಫ್ ತಂತಿ?" ಅಂದರು. "ಪಿಟೀಲಿಗೆ? ನಮ್ಮ ಸಿತಾರದ ಹಂಗ?"

ಹೌದು ಅಂದೆ. ಬಸ್ಸು ಹೋಯಿತು. ಆ ತಂತಿಗಳನ್ನು ಯಾವ ಸ್ವರಕ್ಕೆ ಕೂಡಿಸುತ್ತಾರೆ, ಕುದುರೆ (ಅವರು ಕೇಳಿದ್ದು ವಾದ್ಯದ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ) ಎಷ್ಟು ಎತ್ತರ, ದನಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಕೇಳುತ್ತಲೇ ಇದ್ದರು. ನನಗೆ ತಿಳಿದಷ್ಟು ಹೇಳಿದೆ. ಇನ್ನೆರಡು ಚಿಗರಿ ಬಿಟ್ಟೆವು. ನಾಲ್ಕನೆಯದಕ್ಕೆ ಹತ್ತಿ, ಕಂಬಿ ಹಿಡಿದು, ಬಾಗಿಲ ಕಡೆ ಮುಖ ತಿರುಗಿಸಿದರು.

"ಮುಂದಿನ ಐತವಾರ ಮುಂಜಾನೇನ ಬರ್ತೇನಿ. ಕರೆಂಟ್ ಇರೂದ್ರಾಗ ಹಚ್ಚೂಣು."