ಮಕ್ಕಳ ಹಲ್ಲಿನ ಕ್ಲಿನಿಕ್‌ನಲ್ಲಿ ಕ್ಲಿಪ್ಪೂ ಹಾಕಬೇಕಾ?

ಮಕ್ಕಳ ಹಲ್ಲಿನ ಡಾಕ್ಟರ್ ಆಗಿರುವ ಕಿರಿಯ ಗೆಳೆಯರು ಯಾರೇ ಸಿಗಲಿ, ಮಾತು ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ. "ನೀವು ಕ್ಲಿನಿಕ್‌ನಲ್ಲಿ ಕ್ಲಿಪ್ ಚಿಕಿತ್ಸೆ ಶುರು ಮಾಡಿದ್ರಲ್ಲ, ನಾನೂ ಮಾಡ್ಲಾ? ಏನೇನು ತಗೋಬೇಕು?"

ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. ಹಲ್ಲಿನ ಮೇಲೆ ಅಂಟಿಸುವ ಪುಟ್ಟ ಬ್ರಾಕೆಟ್, ಅವುಗಳ ಮೂಲಕ ಹಾಯುವ ವೈರ್, ಒಂದಷ್ಟು ಇಕ್ಕಳ, ಒಳ್ಳೆಯ ಕ್ಯಾಮೆರಾ, ತಲೆಯ ಪಕ್ಕದಿಂದ ಎಕ್ಸ್‌ರೇ ತೆಗೆಯುವ ವ್ಯವಸ್ಥೆ. ಕುರ್ಚಿ, ಲೈಟು ಹೇಗೂ ಇವೆ. ಮೊದಲನೆಯದಕ್ಕೆ ನನ್ನ ಉತ್ತರ ಇದು: ಮಾಡಿ, ಆದರೆ ಬ್ರಾಕೆಟ್‌ನಿಂದ ಶುರು ಮಾಡಬೇಡಿ. ಬೆರಳಿನಿಂದ ಶುರು ಮಾಡಿ.

ಬೆರಳು ಅಂದರೆ ನಿಜವಾಗಿಯೂ ಬೆರಳೇ. 10 ವರ್ಷದ ಮಗು ಹುಳುಕುಹಲ್ಲು ತೋರಿಸೋಕೆ ಬಂದಿರುತ್ತದೆ. ತುಂಬಿ ಕಳಿಸುವ ಮುಂಚೆ ಮೇಲಿನ ತುಟಿ ಸ್ವಲ್ಪ ಎತ್ತಿ, ಹಾಲುಕೋರೆಯ ಮೇಲ್ಭಾಗದ ಒಸಡಿನ ಮೇಲೆ ತೋರುಬೆರಳು ಆಡಿಸಿ. ಎರಡೂ ಕಡೆ ಗಟ್ಟಿಯಾದ ಒಂದು ಉಬ್ಬು ಸಿಗಬೇಕು. ಅದು ಕೆಳಗಿಳಿಯುತ್ತಿರುವ ಶಾಶ್ವತ ಕೋರೆಹಲ್ಲು. ಒಂದು ಕಡೆ ಸಿಕ್ಕಿ ಇನ್ನೊಂದು ಕಡೆ ಚಪ್ಪಟೆಯಾಗಿದ್ದರೆ ಎಕ್ಸ್‌ರೇ ತೆಗೆಸಿ. ಆ ಹಲ್ಲು ದಾರಿ ತಪ್ಪಿ ಅಂಗುಳಿನ ಕಡೆ ತಿರುಗಿರಬಹುದು. 1988ರಲ್ಲಿ ಎರಿಕ್ಸನ್ ಮತ್ತು ಕುರೋಲ್ ಎಂಬ ಸ್ವೀಡನ್‌ನ ಇಬ್ಬರು ದಂತವೈದ್ಯರು ಹೀಗೆ ದಾರಿ ತಪ್ಪಿದ 46 ಕೋರೆಹಲ್ಲುಗಳ ಲೆಕ್ಕ ಕೊಟ್ಟರು. ಹಾಲುಕೋರೆ ಕಿತ್ತ ಮೇಲೆ ಅವುಗಳಲ್ಲಿ 36 ತಾವಾಗಿಯೇ ದಾರಿಗೆ ಬಂದಿದ್ದವು. ಹಲ್ಲಿಗೆ ಜಾಗ ಇದ್ದ ಬಾಯಿಗಳವು, ಅದನ್ನು ಮರೆಯಬಾರದು. ಆದರೂ ನೋಡಿ, ಕ್ಲಿಪ್ ಇಲ್ಲ, ವೈರ್ ಇಲ್ಲ. ಹಾಲುಹಲ್ಲು ಕೀಳೋದು ನಮಗೆ ದಿನನಿತ್ಯದ ಕೆಲಸ. ಆ ವಯಸ್ಸಿನಲ್ಲಿ ಕೈಬಿಟ್ಟರೆ ಆಮೇಲೆ ಅದೇ ಹಲ್ಲಿಗೆ ಒಸಡು ಕೊಯ್ದು, ಸಣ್ಣ ಸರಪಳಿ ಅಂಟಿಸಿ, ತಿಂಗಳುಗಟ್ಟಲೆ ಎಳೆಯಬೇಕಾಗುತ್ತದೆ.

ನಾವು ಆ ಬಾಯಿಯನ್ನು ಆರು ತಿಂಗಳಿಗೊಮ್ಮೆ ನೋಡ್ತಾ ಇರ್ತೀವಿ. ಆರ್ಥೊಡಾಂಟಿಸ್ಟ್, ಅಂದರೆ ಹಲ್ಲು-ದವಡೆ ಸಾಲು ಸರಿಪಡಿಸುವ ತಜ್ಞರು, ಅದನ್ನು ಮೊದಲ ಸಲ ನೋಡುವಷ್ಟರಲ್ಲಿ ಎಷ್ಟೋ ಸಲ ಅರ್ಧ ಕತೆ ಮುಗಿದಿರುತ್ತದೆ. ಅಮೆರಿಕದ ಆರ್ಥೊಡಾಂಟಿಸ್ಟರ ಸಂಘ ಮಗುವಿಗೆ 7 ತುಂಬುವಷ್ಟರಲ್ಲಿ ಒಮ್ಮೆ ತೋರಿಸಿ ಅನ್ನುತ್ತದೆ. ತಂದೆತಾಯಿ ಅದನ್ನು '7ಕ್ಕೇ ಕ್ಲಿಪ್' ಅಂತ ಕೇಳಿಸಿಕೊಳ್ಳುತ್ತಾರೆ. ನಮ್ಮವರಲ್ಲೂ ಕೆಲವರು ಹಾಗೇ ಕೇಳಿಸಿಕೊಳ್ಳುತ್ತಾರೆ, ಅದು ಬೇರೆ ಮಾತು.

ಬೇರೆ ಮಾತೇನು, ಮೊದಲ ವರ್ಷ ನಾನೂ ಅದನ್ನೇ ಮಾಡಿದೆ. 9 ವರ್ಷದ ಹುಡುಗಿ. ಮೇಲಿನ ಎರಡು ಎದುರುಹಲ್ಲುಗಳ ನಡುವೆ ಗ್ಯಾಪ್. ಅವುಗಳ ಪಕ್ಕದ ಹಲ್ಲುಗಳು ಬೀಸಣಿಗೆ ಬಿಚ್ಚಿದ ಹಾಗೆ ಹೊರಕ್ಕೆ ವಾಲಿದ್ದವು. ನನ್ನ ಕೈಯಲ್ಲಿ ಹೊಸ ಸಾಮಾನಿತ್ತು. ನಾಲ್ಕು ಬ್ರಾಕೆಟ್ ಅಂಟಿಸಿ, ಹಲ್ಲು ನೆಟ್ಟಗೆ ಮಾಡಿ, ಗ್ಯಾಪ್ ಮುಚ್ಚೋಣ ಅಂದುಕೊಂಡೆ. ಫೋಟೊ ಆಯ್ತು, ಅಚ್ಚು ತೆಗೆದದ್ದಾಯ್ತು, ದಿನವೂ ಗೊತ್ತಾಯ್ತು. ಸುಮ್ನೆ ಒಂದು ಮಾತು ಕೇಳೋಣ ಅಂತ ಆರ್ಥೊಡಾಂಟಿಸ್ಟ್ ಗೆಳತಿಗೆ ಎಕ್ಸ್‌ರೇ ತೋರಿಸಿದೆ. ಅವಳು ಮಾತಾಡಲಿಲ್ಲ. ಪೆನ್ಸಿಲ್ ತುದಿಯನ್ನು ಪಕ್ಕದ ಹಲ್ಲಿನ ಬೇರಿನ ಮೇಲಿಟ್ಟಳು. ಅದಕ್ಕೆ ಒತ್ತಿಕೊಂಡೇ ಕೋರೆಹಲ್ಲು ಕೂತಿತ್ತು. "ಹಲ್ಲಿನ ತಲೆ ಈ ಕಡೆ ಎಳೆದರೆ ಬೇರು ಯಾವ ಕಡೆ ಹೋಗತ್ತೆ?" ಎಂದಳು.

ಕೋರೆಹಲ್ಲಿನ ಕಡೆಗೇ ಹೋಗುತ್ತಿತ್ತು. ಹೋಗಿ ತಗುಲಿದ್ದರೆ ಬೇರು ಕರಗುವ ಅಪಾಯವಿತ್ತು. ಈ ವಯಸ್ಸಿನ ಗ್ಯಾಪಿಗೆ ನಮ್ಮ ಪಾಠದಲ್ಲಿ 'ಅಗ್ಲಿ ಡಕ್ಲಿಂಗ್' (ಕುರೂಪಿ ಬಾತುಮರಿ) ಹಂತ ಅಂತ ಹೆಸರು. ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಮಾರ್ಕ್ಸ್ ತಗೊಂಡಿದ್ದೆ. ಕೋರೆಗಳು ಇಳಿಯುವಾಗ ಆ ಗ್ಯಾಪ್ ಸಾಮಾನ್ಯವಾಗಿ ತಾನೇ ಮುಚ್ಚುತ್ತದೆ. 2 ಮಿ.ಮೀ.ಗಿಂತ ಜಾಸ್ತಿ ಇದ್ದರೆ ಮಾತ್ರ ಪೂರ್ತಿ ಮುಚ್ಚೋದು ಅನುಮಾನ. ಹುಡುಗಿಯ ತಾಯಿಗೆ ಫೋನ್ ಮಾಡಿ, "ಈಗ ಬೇಡ, ನಾನೇ ಆತುರಪಟ್ಟೆ" ಅಂದೆ. ಆ ಕಡೆ ಒಂದು ಕ್ಷಣ ಮಾತೇ ಇರಲಿಲ್ಲ. ಹುಡುಗಿಗೆ 12 ಆಗುವಷ್ಟರಲ್ಲಿ ಗ್ಯಾಪೂ ಇರಲಿಲ್ಲ.

ಆ ಗೆಳತಿ ಈಗ ವಾರಕ್ಕೆ 2 ದಿನ ನಮ್ಮಲ್ಲಿಗೇ ಬರುತ್ತಾಳೆ. ನಮ್ಮಿಬ್ಬರ ನಡುವೆ ಗೆರೆ ಎಳೆದುಕೊಂಡಿದ್ದೇವೆ. ಹಾಲುಹಲ್ಲು ಬೇಗ ಉದುರಿದ ಕಡೆ ಜಾಗ ಕಾಯೋದು, ಬೆರಳು ಚೀಪುವ ಅಭ್ಯಾಸ ಬಿಡಿಸೋದು, ಕೆಳಹಲ್ಲಿನ ಹಿಂದೆ ಸಿಕ್ಕಿಕೊಂಡ ಒಂದು ಎದುರುಹಲ್ಲನ್ನು ಮುಂದೆ ತರೋದು, ಕಿರಿದಾದ ಮೇಲ್ದವಡೆ ಅಗಲ ಮಾಡೋದು ನನ್ನ ಪಾಲು. ಎರಡು ದವಡೆಗಳ ಅಳತೆಯೇ ಹೊಂದದ ಮಕ್ಕಳು, ಶಾಶ್ವತ ಹಲ್ಲು ಕಿತ್ತು ಮಾಡುವ ಕೇಸುಗಳು, ಬಾಯಿ ತುಂಬ ಬ್ರಾಕೆಟ್ ಹಾಕುವ ಕೆಲಸ ಅವಳದ್ದು. ಕೆಲವರು ತಾವೇ ಕಲಿತು ಎಲ್ಲವನ್ನೂ ಮಾಡುತ್ತಾರೆ. ಚೆನ್ನಾಗಿಯೇ ಮಾಡುವವರೂ ಇದ್ದಾರೆ. ನನಗೆ ಆ ಧೈರ್ಯ ಇಲ್ಲ.

ಉಬ್ಬುಹಲ್ಲಿನ ವಿಷಯದಲ್ಲಿ ಮಾತ್ರ ತಂದೆತಾಯಿಗೆ ನಿಜ ಹೇಳೋದು ಕಷ್ಟ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು ಅಂತ ಅವರು ನಂಬಿಕೊಂಡೇ ಬಂದಿರುತ್ತಾರೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದವರು ಇದನ್ನು ವರ್ಷಗಟ್ಟಲೆ ಪರೀಕ್ಷೆ ಮಾಡಿ 2004ರಲ್ಲಿ ಫಲಿತಾಂಶ ಕೊಟ್ಟರು. ಚಿಕ್ಕಂದಿನಲ್ಲಿ ಒಮ್ಮೆ, ಹದಿವಯಸ್ಸಿನಲ್ಲಿ ಇನ್ನೊಮ್ಮೆ ಚಿಕಿತ್ಸೆ ಪಡೆದವರಿಗೂ, ಹದಿವಯಸ್ಸಿನಲ್ಲಿ ಒಂದೇ ಸಲ ಪಡೆದವರಿಗೂ ಕೊನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಬೇಗ ಮಾಡಿದರೆ ಇರುವ ಲಾಭ ಅಂದರೆ, ಬಿದ್ದಾಗ ಎದುರುಹಲ್ಲು ಮುರಿಯೋದು ಕಡಿಮೆಯಾಗುತ್ತದೆ. ಹಲ್ಲು ತೀರಾ ಮುಂದಿದ್ದು, ಮಗು ಓಡಾಟದ ಪೋಕರಿಯಾಗಿದ್ದರೆ ಅದೂ ಸಣ್ಣ ಲಾಭವೇನಲ್ಲ. ಉಳಿದವರಿಗೆ ನಾನು ಕಾಯಿರಿ ಅಂತಲೇ ಹೇಳೋದು. ಕೆಲವರು ಕಾಯದೆ ಬೇರೆ ಕಡೆ ಹೋಗಿದ್ದಾರೆ.

ಇನ್ನು ದಿನಚರಿ. ಇದರ ಬಗ್ಗೆ ಯಾರೂ ಕೇಳೋದೇ ಇಲ್ಲ, ನನ್ನನ್ನು ಜಾಸ್ತಿ ಸುಸ್ತು ಮಾಡಿದ್ದು ಇದೇ. ಹುಳುಕು ತುಂಬಿದರೆ ಅರ್ಧ ಗಂಟೆಗೆ ಮುಗೀತು. ಪೂರ್ತಿ ಕ್ಲಿಪ್ ಅಂದರೆ ಒಂದೂವರೆ-ಎರಡು ವರ್ಷದ ಸಂಬಂಧ. 50 ಮಕ್ಕಳು 6 ವಾರಕ್ಕೊಮ್ಮೆ ಬಂದರೂ ವರ್ಷಕ್ಕೆ ಸುಮಾರು 430 ಭೇಟಿ ಆಯ್ತು. ಅಷ್ಟೂ ಜನಕ್ಕೆ ಶಾಲೆ ಬಿಟ್ಟ ಮೇಲಿನ ಹೊತ್ತೇ ಬೇಕು. ಮೊದಮೊದಲು ಒಂದು ಕುರ್ಚಿಯಲ್ಲಿ 3 ವರ್ಷದ್ದು ಕಿರುಚ್ತಾ ಇತ್ತು, ಪಕ್ಕದ ಕುರ್ಚಿಯಲ್ಲಿ 13ರ ಹುಡುಗ ಗೋಡೆ ಮೇಲಿನ ಕಾರ್ಟೂನ್ ಆನೆ ನೋಡಿ ಮುಖ ಸಿಂಡರಿಸ್ತಾ ಇದ್ದ. ಈಗ ಪುಟ್ಟವರಿಗೆ ಬೆಳಿಗ್ಗೆ, ಕ್ಲಿಪ್ಪಿನವರಿಗೆ ಸಂಜೆ. ಹೇಗಿದ್ದರೂ ಪುಟ್ಟವರು ಬೆಳಿಗ್ಗೆಯೇ ವಾಸಿ. ವೈರ್ ಕೆನ್ನೆಗೆ ಚುಚ್ಚುತ್ತಿದೆ, ಬ್ರಾಕೆಟ್ ಕಿತ್ತು ಬಂತು ಅಂತ ಬರುವವರಿಗೆ ದಿನಾ ಸ್ವಲ್ಪ ಹೊತ್ತು ಖಾಲಿ ಬಿಡಲೇಬೇಕು. ಹಣ ಕಂತಿನಲ್ಲಿ ಬರುತ್ತದೆ, ನಡುವೆ ಕುಟುಂಬ ಊರು ಬಿಟ್ಟರೆ ಏನು ಮಾಡೋದು ಅಂತ ಮೊದಲೇ ಬರೆದಿಟ್ಟುಕೊಳ್ಳಿ.

ಹುಳುಕು ನಿಲ್ಲದ ಬಾಯಿಗೆ ನಾವು ಬ್ರಾಕೆಟ್ ಹಾಕಲ್ಲ. ಸರಿಯಾಗಿ ಉಜ್ಜದಿದ್ದರೆ ಬ್ರಾಕೆಟ್ ಸುತ್ತ ಒಂದೇ ತಿಂಗಳಲ್ಲಿ ಬಿಳಿ ಕಲೆ ಏಳಬಹುದು. ಕ್ಲಿಪ್ ತೆಗೆದ ದಿನ ಹಲ್ಲು ಸಾಲಾಗಿ ನಿಂತಿದ್ದು, ಒಂದೊಂದರ ಮೇಲೂ ಬಿಳಿ ಚೌಕ ಇದ್ದರೆ ಹೇಗಿರುತ್ತೆ ಹೇಳಿ. ಯಾವ ಮಗು ಹೇಗೆ ಉಜ್ಜುತ್ತದೆ ಅಂತ 3 ವರ್ಷದಿಂದ ನೋಡಿಕೊಂಡು ಬಂದ ನಮಗೆ ಗೊತ್ತಿರುತ್ತದೆ. ಈ ವಿಷಯದಲ್ಲಿ ನನ್ನ ಮಾತೇ ಕೊನೆ, ಗೆಳತಿಯೂ ಒಪ್ಪಿದ್ದಾಳೆ.

ಕೊನೆಗೆ, ಫೋನ್ ಎತ್ತೋಕೆ ಬೇಜಾರಿರಬಾರದು. ದವಡೆ ಅಗಲ ಮಾಡುವ ಸಾಧನದ ನಡುವೆ ಒಂದು ಸಣ್ಣ ತಿರುಪು ಇರುತ್ತದೆ. ಮನೆಯವರು ದಿನವೂ ಕೀಲಿ ಹಾಕಿ ತಿರುಗಿಸಬೇಕು. ಒಂದು ತಿರುವಿಗೆ ಸಾಮಾನ್ಯವಾಗಿ ಕಾಲು ಮಿ.ಮೀ. ಅಂಗುಳಿನ ನಡುವಿನ ಬೆಸುಗೆ ಬಿಟ್ಟುಕೊಂಡಾಗ ಎದುರುಹಲ್ಲುಗಳ ನಡುವೆ ಗ್ಯಾಪ್ ಬೀಳುತ್ತದೆ. ನಮಗೆ ಬೇಕಾದ ಗುರುತೇ ಅದು, ಆಮೇಲೆ ಆ ಹಲ್ಲುಗಳು ತಾವಾಗಿಯೇ ಹತ್ತಿರ ಬರುತ್ತವೆ. ಇದನ್ನೆಲ್ಲ ಮೊದಲೇ ಹೇಳಿರುತ್ತೇನೆ, ಬೇರೆ ಮಗುವಿನ ಫೋಟೊ ತೋರಿಸಿರುತ್ತೇನೆ, ಬರೆದೂ ಕೊಟ್ಟಿರುತ್ತೇನೆ. ಆದರೂ ಒಂದು ವಾರಕ್ಕೆ ರಾತ್ರಿ ಫೋನ್ ಬರುತ್ತದೆ: "ಡಾಕ್ಟ್ರೇ, ಚೆನ್ನಾಗಿದ್ದ ಹಲ್ಲೂ ಬಿಟ್ಟುಕೊಳ್ತಾ ಇದೆಯಲ್ಲ!" ಒಂದು ಫೋಟೊ ಕಳಿಸಿ ಅಂತೀನಿ. ಫೋಟೊದಲ್ಲಿ ಮಗು ಆ ಹೊಸ ಸಂದಿಗೆ ನಾಲಿಗೆ ತುದಿ ಇಟ್ಟುಕೊಂಡು ನಗ್ತಾ ಇರುತ್ತದೆ.