ಅತ್ತೆಯ ಆರೈಕೆಗೆ ಡೈರೆಕ್ಟ್ ಪೇಮೆಂಟ್

ಇಂಗ್ಲೆಂಡಿನಲ್ಲಿ ಮನೆಯ ಹಿರಿಯರಿಗೆ ಆರೈಕೆ ಬೇಕಾದಾಗ, ಕೌನ್ಸಿಲ್ (ಸ್ಥಳೀಯ ಆಡಳಿತ) ಗೊತ್ತುಪಡಿಸಿದ ಏಜೆನ್ಸಿಯವರು ಯಾರನ್ನು ಕಳುಹಿಸುತ್ತಾರೋ ಅವರನ್ನೇ ಒಪ್ಪಿಕೊಳ್ಳಬೇಕೆಂದು ನಮ್ಮವರಲ್ಲಿ ಅನೇಕರು ತಿಳಿದಿದ್ದಾರೆ. ಹಾಗೇನೂ ಇಲ್ಲ. 2014ರ ಕೇರ್ ಆಕ್ಟ್ ಪ್ರಕಾರ, ಆರೈಕೆಗೆಂದು ಕೌನ್ಸಿಲ್ ನಿಗದಿಪಡಿಸಿದ ಹಣವನ್ನು ನಾವೇ ಪಡೆದು, ನಮಗೆ ಸರಿಯೆನಿಸಿದವರನ್ನು ನೇಮಿಸಿಕೊಳ್ಳಲು ಅವಕಾಶವಿದೆ. ಇದೇ ಡೈರೆಕ್ಟ್ ಪೇಮೆಂಟ್. ಅಂಗವಿಕಲರ ದೀರ್ಘ ಹೋರಾಟದ ಫಲವಾಗಿ 1996ರಲ್ಲಿ ಇದರ ಮೊದಲ ಕಾನೂನು ಬಂತು. ಆರಂಭದಲ್ಲಿ 65 ವರ್ಷ ದಾಟಿದವರಿಗೆ ಇಲ್ಲದಿದ್ದ ಈ ಸೌಲಭ್ಯ 2000ದಲ್ಲಿ ಅವರಿಗೂ ದೊರೆಯಿತು.

ದಶಕಗಳಿಂದ ಇಲ್ಲಿಯೇ ನೆಲೆಸಿರುವ ನಮ್ಮ ಅತ್ತೆಯವರಿಗೆ ಮರೆವಿನ ಕಾಯಿಲೆ ಹೆಚ್ಚಿದಂತೆ ಇಂಗ್ಲಿಷ್ ಕೈಬಿಟ್ಟಿತು, ಕನ್ನಡವೊಂದೇ ಉಳಿಯಿತು. ಬಂದ ಕೇರರ್‌ಗಳು ಒಳ್ಳೆಯವರೇ, ಆದರೆ ದಿನಕ್ಕೊಬ್ಬರಂತೆ ಬದಲಾಗುತ್ತಿದ್ದರು. ಮೈ ಮುಟ್ಟಲು ಬಂದವರು ಏನು ಹೇಳುತ್ತಿದ್ದಾರೆಂದು ತಿಳಿಯದೆ ಅತ್ತೆ ಸೆರಗನ್ನು ಬಿಗಿಹಿಡಿದು ಗೋಡೆಗೆ ಒತ್ತಿ ನಿಲ್ಲುತ್ತಿದ್ದರು. ಈಗ ಪರ್ಸನಲ್ ಅಸಿಸ್ಟೆಂಟ್ ಆಗಿ, ಅಂದರೆ ನಾವೇ ನೇಮಿಸಿಕೊಂಡ ಆರೈಕೆಯ ಸಹಾಯಕಿಯಾಗಿ, ಬರುವ ಹಾಸನದ ಕಡೆಯ ಹೆಣ್ಣುಮಗಳು "ಅಮ್ಮಾ, ನೀರು ಕಾದಿದೆ, ಬನ್ನಿ" ಎಂದರೆ ತಾವಾಗಿಯೇ ಎದ್ದು ಹೋಗುತ್ತಾರೆ. ಹಣ ನಮ್ಮ ಕೈಗೆ ಬಂದದ್ದರ ನಿಜವಾದ ಬೆಲೆ ನನಗೆ ಕಾಣುವುದು ಇಲ್ಲಿಯೇ.

ಮೊದಲು ಕೌನ್ಸಿಲ್ಲಿನವರಿಂದ ಅಗತ್ಯಗಳ ಮೌಲ್ಯಮಾಪನವಾಗಬೇಕು. ಅದಕ್ಕೆ ಶುಲ್ಕವಿಲ್ಲ, ಆಸ್ತಿಪಾಸ್ತಿ ಎಷ್ಟಿದ್ದರೂ ಅದನ್ನು ಕೇಳುವ ಹಕ್ಕಿದೆ. ಆಮೇಲೆ ಹಣಕಾಸಿನ ಪರಿಶೀಲನೆ. ಆರೈಕೆ ಪಡೆಯುವವರ ಉಳಿತಾಯ 23,250 ಪೌಂಡ್ ಮೀರಿದ್ದರೆ ಸಾಮಾನ್ಯವಾಗಿ ಪೂರ್ತಿ ವೆಚ್ಚ ಅವರದೇ. ಆದರೆ ಮನೆಯಲ್ಲಿಯೇ ಆರೈಕೆ ಪಡೆಯುವವರ ವಿಷಯದಲ್ಲಿ ಅವರು ವಾಸಿಸುವ ಮನೆಯ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅತ್ತೆಯವರಂತೆ ಸ್ವತಃ ನಿರ್ಧರಿಸುವ ಸಾಮರ್ಥ್ಯ ಕಳೆದುಕೊಂಡವರ ಪರವಾಗಿ, ಕೌನ್ಸಿಲ್ ಒಪ್ಪಿದ ಬೇರೊಬ್ಬರು ಹಣ ಪಡೆಯಬಹುದು. ನಮ್ಮಲ್ಲಿ ಆ ಹೊಣೆ ನನ್ನ ಯಜಮಾನರದ್ದು. ಒಂದೇ ಮನೆಯಲ್ಲಿರುವ ಹತ್ತಿರದ ಸಂಬಂಧಿಕರಿಗೆ ಈ ಹಣದಿಂದ ಆರೈಕೆಯ ಸಂಬಳ ಕೊಡಬೇಕಾದರೆ, ಅದು ಅನಿವಾರ್ಯವೆಂದು ಕೌನ್ಸಿಲ್ ಒಪ್ಪಬೇಕು. ಸೊಸೆಯೇ ನೋಡಿಕೊಂಡು ಸಂಬಳ ಪಡೆಯಬಹುದಲ್ಲ ಎಂದು ಕೇಳುವ ಬಂಧುಗಳಿಗೆ ಇದನ್ನು ಎಷ್ಟು ಬಾರಿ ವಿವರಿಸಿದ್ದೇನೋ!

ಸಹಾಯಕಿಯನ್ನು ನೇರವಾಗಿ ನೇಮಿಸಿಕೊಂಡ ದಿನದಿಂದ ನಾವು ಉದ್ಯೋಗದಾತರಾಗುತ್ತೇವೆ. ಆಕೆಗೆ ಇಲ್ಲಿ ಕೆಲಸ ಮಾಡುವ ಹಕ್ಕಿದೆಯೇ ಎಂದು ದಾಖಲೆ ನೋಡಬೇಕು, ಲಿಖಿತ ಕರಾರು ಕೊಡಬೇಕು, ಉದ್ಯೋಗದಾತರ ವಿಮೆ ಮಾಡಿಸಬೇಕು, ವರ್ಷಕ್ಕೆ 5.6 ವಾರಗಳ ಸಂಬಳಸಹಿತ ರಜೆ ಕೊಡಬೇಕು. ಸಂಬಳದ ಪ್ರಮಾಣಕ್ಕೆ ತಕ್ಕಂತೆ ತೆರಿಗೆ, ಪಿಂಚಣಿಗಳ ಲೆಕ್ಕವೂ ಇರುತ್ತದೆ. ಪೇರೋಲ್ ಕೆಲಸವನ್ನು, ಅಂದರೆ ಈ ಸಂಬಳದ ಲೆಕ್ಕಪತ್ರವನ್ನು, ಬೇರೆಯವರಿಗೆ ವಹಿಸುವುದೇ ಮೇಲು. ಖರ್ಚಿನ ರಸೀದಿಗಳನ್ನು ಮಾತ್ರ ನಾವೇ ಜೋಪಾನವಾಗಿಡಬೇಕು, ಕೌನ್ಸಿಲ್ ಕೇಳಿದಾಗ ತೋರಿಸಬೇಕು.

ಆದ್ದರಿಂದ ಡೈರೆಕ್ಟ್ ಪೇಮೆಂಟ್‌ಗಾಗಿ ಕೌನ್ಸಿಲ್ ಜೊತೆಗಿನ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಅಲ್ಲಿನ ಸೋಷಿಯಲ್ ವರ್ಕರ್ ಬಳಿ ಒಂದು ಮಾತು ಖಚಿತಪಡಿಸಿಕೊಳ್ಳಿ: ನಿಗದಿಯಾದ ಮೊತ್ತದಲ್ಲಿ ಗಂಟೆಯ ಕೂಲಿಯಷ್ಟೇ ಅಲ್ಲದೆ ರಜೆ, ವಿಮೆ, ಪೇರೋಲ್ ಶುಲ್ಕ, ಸಹಾಯಕಿ ಕಾಯಿಲೆ ಬಿದ್ದಾಗ ಬದಲಿಗೆ ಬರುವವರ ಖರ್ಚು ಇವೆಲ್ಲವೂ ಸೇರಿವೆಯೇ? ಸೇರಿಲ್ಲವಾದರೆ, ಮೊತ್ತವನ್ನು ಮರುಪರಿಶೀಲಿಸುವಂತೆ ಲಿಖಿತವಾಗಿ ಕೇಳಿ.